ಪರ್ವತವು ಸರೋವರವಾದ ಕಥೆ

ನಮ್ಮ ಸೊಲ್ಲಾಪುರ ಸೀಮೆಯ ಎರೆನೆಲವು ಒಂದು ಕಾಲಕ್ಕೆ ಭೂಗರ್ಭದಿಂದ ಉಕ್ಕಿ ಹರಿದ ಶಿಲಾರಸವಾಗಿತ್ತು. ಅದು ಆರಿ ಕಲ್ಲಾಗಿ, ಆ ಕಲ್ಲು ಸವೆದು ಈ ಕಪ್ಪು ಮಣ್ಣಾಯಿತು. ಭೂಗೋಲದ ಪಾಠದಲ್ಲಿ ಇದನ್ನು ಹೇಳಿದಾಗ ಹುಡುಗನೊಬ್ಬನು ಎದ್ದು ನಿಂತು, “ಅದನ್ನು ಕಣ್ಣಾರೆ ಕಂಡವರು ಯಾರು, ಗುರುಗಳೇ?” ಎಂದು ಕೇಳಿದನು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ಆ ಘಟನೆಯನ್ನು ಕಂಡ ಮನುಷ್ಯನಿಲ್ಲ. ಆದರೆ ಅಗ್ನಿಪರ್ವತವೊಂದು ಸ್ಫೋಟಿಸಿ ಕುಸಿದುದನ್ನು ಕಂಡು, ತಲೆತಲಾಂತರದಿಂದ ನೆನಪಿನಲ್ಲಿ ಕಾಪಾಡಿಕೊಂಡು ಬಂದ ಜನರು ಬೇರೊಂದೆಡೆ ಇದ್ದಾರೆ. ಅವರ ಸರೋವರವು ಅಮೆರಿಕಾ ಸಂಯುಕ್ತ ಸಂಸ್ಥಾನದ ಆರೆಗನ್ ಪ್ರಾಂತದಲ್ಲಿದೆ. ಕ್ರೇಟರ್ ಲೇಕ್ ಎಂದು ಅದರ ಹೆಸರು. ನಾವು ಅದನ್ನು ಕಂಡವರಲ್ಲ, ಓದಿ ತಿಳಿದವರು. ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಸುಮಾರು 7,700 ವರ್ಷಗಳ ಹಿಂದೆ ಅಲ್ಲಿ ಸರೋವರವಿರಲಿಲ್ಲ. ಹೆಚ್ಚುಕಡಿಮೆ 12,000 ಅಡಿ ಎತ್ತರದ ಅಗ್ನಿಪರ್ವತವಿತ್ತು. ಅದನ್ನು ಈಗ ಮಜಾಮಾ ಎಂದು ಕರೆಯುತ್ತಾರೆ. ಒಡಲಿನ ಶಿಲಾರಸವು ಬೂದಿಯಾಗಿ, ಬೆಂಡುಗಲ್ಲಾಗಿ ಹೊರಚಿಮ್ಮಲು, ಆಧಾರ ತಪ್ಪಿದ ಶಿಖರವು ತನ್ನ ಭಾರಕ್ಕೆ ತಾನೇ ಒಳಗೆ ಕುಸಿಯಿತು. ಇಂಥ ಕುಳಿಗೆ ಕಾಲ್ಡೆರಾ ಎನ್ನುತ್ತಾರೆ; ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಕೊಪ್ಪರಿಗೆ ಎಂದರ್ಥ. ಈ ಕೊಪ್ಪರಿಗೆಗೆ ಹೊರಗಿನಿಂದ ಯಾವ ನದಿಯೂ ಬಂದು ಸೇರದು, ಇದರಿಂದ ಯಾವ ನದಿಯೂ ಹೊರಡದು. ಮಳೆ ಮತ್ತು ಹಿಮಗಳೇ ಶತಮಾನಗಳ ಕಾಲ ಸುರಿದು ಅದನ್ನು ತುಂಬಿದವು.

ಈ ಸರೋವರವು ನೋಡಹೋದವರಿಗೆ ಋತುವಿಗೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿ ಬೀಳುವ ಹಿಮವು ವರ್ಷಕ್ಕೆ ಸರಾಸರಿ ಸುಮಾರು 40 ಅಡಿ. ಚಳಿಗಾಲದಲ್ಲಿ ಉತ್ತರದ ದಾರಿಯೂ ಸರೋವರವನ್ನು ಸುತ್ತುವ 33 ಮೈಲಿಗಳ ರಸ್ತೆಯೂ ಮುಚ್ಚಿಹೋಗುತ್ತವೆ. ಎಷ್ಟೋ ದಿನ ಮೋಡ ಕವಿದು, ಅಂಚಿನಲ್ಲಿ ನಿಂತವನಿಗೂ ನೀರು ಕಾಣಿಸದು. ಆದರೂ ಆಳವಾದ ಆ ಜಲರಾಶಿಯು ಹೆಪ್ಪುಗಟ್ಟುವುದು ಅಪರೂಪ. 1949ರಲ್ಲಿ ಒಮ್ಮೆ ಪೂರ್ತಿಯಾಗಿ ಹೆಪ್ಪುಗಟ್ಟಿತ್ತು. ವಸಂತದಲ್ಲಿ ಯಂತ್ರಗಳು ವಾರಗಟ್ಟಲೆ ಹಿಮವನ್ನು ಸರಿಸಿ ದಾರಿ ಬಿಡಿಸುತ್ತವೆ. ಅಲ್ಲಿಯ ಬೇಸಿಗೆಯಾದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಾಡುಹೂಗಳು ಅರಳುತ್ತವೆ, ನೀರು ಕಡುನೀಲಿಯಾಗಿ ಹೊಳೆಯುತ್ತದೆ. ಅಕ್ಟೋಬರಿಗೆ ಮತ್ತೆ ಹಿಮದ ಸೂಚನೆ. ಬೇಸಿಗೆಯ ಪ್ರವಾಸಿಕನು ಮೆಚ್ಚುವ ಆ ನೀಲಿಗೆ, ಅವನು ಕಾಣದ ಚಳಿಗಾಲದ ಹಿಮವೇ ಮೂಲವೆಂಬುದು ಗಮನಾರ್ಹ.

ಗ್ರಂಥಗಳಲ್ಲಿ ದೊರೆಯುವ ಚರಿತ್ರೆಯೂ ಹೆಚ್ಚಾಗಿ ಬೇಸಿಗೆಯ ಅತಿಥಿಗಳದೇ. 1853ರ ಜೂನ್ 12ರಂದು ಚಿನ್ನವನ್ನು ಅರಸುತ್ತಿದ್ದ ಜಾನ್ ವೆಸ್ಲಿ ಹಿಲ್ಮನ್ ಮೊದಲಾದವರು ಅಕಸ್ಮಾತ್ತಾಗಿ ಅಲ್ಲಿಗೆ ಬಂದರು. ಅದಕ್ಕೆ ‘ಕಡುನೀಲಿ ಸರೋವರ’ ಎಂಬರ್ಥದ ಹೆಸರಿಟ್ಟರು. 1870ರಲ್ಲಿ ಕ್ಯಾನ್ಸಸ್ ಪ್ರಾಂತದ ಶಾಲಾ ಬಾಲಕ ವಿಲಿಯಂ ಗ್ಲ್ಯಾಡ್‌ಸ್ಟೋನ್ ಸ್ಟೀಲನು ತನ್ನ ಬುತ್ತಿಗೆ ಸುತ್ತಿದ್ದ ವೃತ್ತಪತ್ರಿಕೆಯಲ್ಲಿ ಈ ಸರೋವರದ ಸುದ್ದಿಯನ್ನು ಓದಿದನೆಂದು ಹೇಳುತ್ತಾರೆ. 1885ರಲ್ಲಿ ಅದನ್ನು ಕಂಡು, ಅದರ ರಕ್ಷಣೆಗಾಗಿ ಹದಿನೇಳು ವರ್ಷ ಶ್ರಮಿಸಿದನು. 1886ರಲ್ಲಿ ಕ್ಲಾರೆನ್ಸ್ ಡಟನ್ ಎಂಬ ಅಧಿಕಾರಿಯ ತಂಡವು ದೋಣಿಯಿಂದ ತಂತಿಯನ್ನು ಇಳಿಬಿಟ್ಟು 1,996 ಅಡಿ ಆಳವನ್ನು ಕಂಡಿತು. ಇಂದಿನ ಉಪಕರಣಗಳ ಲೆಕ್ಕವು ಸುಮಾರು 1,943 ಅಡಿ. ಎಷ್ಟು ಅಲ್ಪ ವ್ಯತ್ಯಾಸ! 1902ರ ಮೇ 22ರಂದು ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಅಂಕಿತ ಹಾಕಲು, ಅದು ರಾಷ್ಟ್ರೀಯ ಉದ್ಯಾನವಾಯಿತು.

ಇವರೆಲ್ಲರೂ ಸ್ಮರಣೀಯರೇ. ಆದರೆ ಹಿಲ್ಮನ್ನನು ‘ಕಂಡುಹಿಡಿದನು’ ಎಂದು ಬರೆಯುವಾಗ ನಮ್ಮ ಲೇಖನಿ ತಡೆಯುತ್ತದೆ. ಆ ಸೀಮೆಯ ಮೂಲನಿವಾಸಿಗಳಾದ ಕ್ಲಾಮತ್ ಜನರು ಅದನ್ನು ಗೀವಾಸ್ ಎಂದು ಕರೆಯುತ್ತಾರೆ, ಪವಿತ್ರ ಸ್ಥಾನವೆಂದು ಭಾವಿಸುತ್ತಾರೆ. ಪಾತಾಳದ ಒಡೆಯ ಲಾವೊ, ಮೇಲ್ಲೋಕದ ಒಡೆಯ ಸ್ಕೆಲ್; ಇವರ ಘೋರ ಯುದ್ಧದಲ್ಲಿ ಬೆಂಕಿ ಸುರಿಯಿತು, ಲಾವೊವಿನ ಪರ್ವತವು ಕುಸಿಯಿತು, ಆ ಕುಳಿಯಲ್ಲಿ ನೀರು ತುಂಬಿತು ಎಂಬುದು ಅವರ ಪುರಾತನ ಕಥೆ. ಪುರಾಣವನ್ನು ಹಾಗೆಯೇ ಚರಿತ್ರೆ ಎನ್ನಲಾಗದು, ಸಾಕ್ಷ್ಯ ಬೇಕು. ಆ ಸಾಕ್ಷ್ಯವು 1938ರಲ್ಲಿ ದೊರೆಯಿತು. ಲೂಥರ್ ಕ್ರೆಸ್‌ಮನ್ ಎಂಬ ವಿದ್ವಾಂಸನು ಆರೆಗನ್ನಿನ ಫೋರ್ಟ್ ರಾಕ್ ಗವಿಯನ್ನು ಅಗೆದಾಗ, ಮಜಾಮಾದ ಬೂದಿಯ ಪದರದ ಕೆಳಗೆ ಗಿಡದ ತೊಗಟೆಯಿಂದ ಹೆಣೆದ ಪಾದರಕ್ಷೆಗಳು ಸಿಕ್ಕಿದವು. ಬೂದಿ ಬೀಳುವ ಮೊದಲೇ ಅಲ್ಲಿ ಮನುಷ್ಯರು ನಡೆದಾಡಿದ್ದರು!

ಈ ಜನರು 1864ರ ಒಪ್ಪಂದದಲ್ಲಿ ತಮ್ಮ ಬಹುಭಾಗ ನೆಲವನ್ನು ಕಳೆದುಕೊಂಡರು. 1954ರ ಕಾನೂನು ಅವರನ್ನು ಒಂದು ಜನಾಂಗವೆಂದು ಮನ್ನಿಸುವುದನ್ನೇ ಕೊನೆಗಾಣಿಸಿತು. 1986ರಲ್ಲಿ ಆ ಮನ್ನಣೆ ಮರಳಿತು. ಕಾಗದದ ಮೇಲೆ ಅಳಿಸಿದ್ದ ಕಾಲದಲ್ಲಿಯೂ ಬಾಯ ಮಾತಿನಲ್ಲಿ ಅವರ ಕಥೆ ಉಳಿದಿತ್ತು.

ಗಡಿಯ ಈಚೆಗೆ ಉಳಿದ ನಮಗೆ ಇದರಲ್ಲಿ ಪಾಠವಿಲ್ಲವೆ? ನಮ್ಮ ಊರುಗಳ ಚರಿತ್ರೆಯನ್ನು ದಫ್ತರಗಳಲ್ಲಿ ಮಾತ್ರ ಹುಡುಕಿದರೆ ಬೇಸಿಗೆಯ ಅತಿಥಿ ಕಂಡಷ್ಟೇ ಸಿಕ್ಕೀತು. ಆದ್ದರಿಂದ ಆ ಹುಡುಗನಿಗೂ ಅವನ ಸಹಪಾಠಿಗಳಿಗೂ ನಾವು ಒಂದು ಕೆಲಸ ಕೊಟ್ಟಿದ್ದೇವೆ: ಊರ ಕೆರೆ, ಬಾವಿ, ಬರಗಾಲಗಳ ವಿಷಯವನ್ನು ಅಜ್ಜ ಅಜ್ಜಿಯರಿಂದ ಕೇಳಿ, ಅವರ ಮಾತಿನಲ್ಲಿಯೇ ಬರೆದು ತರಬೇಕು, ಬಳಿಕ ಶಾಸನ, ದಾಖಲೆಗಳೊಡನೆ ಹೋಲಿಸಿ ನೋಡಬೇಕು. ಸಹೋದ್ಯೋಗಿ ಬಂಧುಗಳೂ ತಮ್ಮ ಶಾಲೆಗಳಲ್ಲಿ ಇದನ್ನು ಮಾಡಿಸಲೆಂದು ನಮ್ಮ ವಿನಂತಿ. ಹೇಳುವ ಹಿರಿಯರು ಇನ್ನೂ ನಮ್ಮೊಡನಿದ್ದಾರೆ.