ಲಕ್ಷ್ಯ-ಲಕ್ಷಣ ವಿಚಾರ: ಗೃಹಸುರೆಯ ಪರೀಕ್ಷಾಕ್ರಮದ ಇತಿಹಾಸ

೧

ಲಕ್ಷ್ಯವು ಮೊದಲೋ ಲಕ್ಷಣವು ಮೊದಲೋ ಎಂಬ ಪ್ರಶ್ನೆಯು ನಮ್ಮ ವೈಯಾಕರಣರಿಗೂ ಆಲಂಕಾರಿಕರಿಗೂ ಚಿರಪರಿಚಿತವಾದುದು. ಪ್ರಯೋಗವನ್ನು ಕಂಡ ಮೇಲೆಯೇ ಶಾಸ್ತ್ರವು ಹುಟ್ಟುವುದೆಂದು ಎಲ್ಲರೂ ಬಾಯಲ್ಲಿ ಒಪ್ಪುವರು. ಆದರೆ ಪಾಠಶಾಲೆಯಲ್ಲಿ ಹೊಸ ಕವಿತೆಯೊಂದು ಕೈಗೆ ಬಂದಾಗ ಶಾಸ್ತ್ರವನ್ನೇ ಮುಂದಿಟ್ಟುಕೊಳ್ಳುವರು. ಕವಿರಾಜಮಾರ್ಗಕ್ಕೆ ಹಿಂದಿನ ಕನ್ನಡ ಕಾವ್ಯಗಳು ನಮಗೆ ದೊರೆತಿಲ್ಲವಾದುದರಿಂದ, ಅಲ್ಲಿಯ ದೋಷಗುಣವಿವೇಚನೆಯು ಯಾವ ಲಕ್ಷ್ಯಗಳಿಂದ ಹೇಗೆ ಮೂಡಿತೆಂಬುದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವುದು ಕಷ್ಟ. ಆದರೆ ಲಕ್ಷಣಶಾಸ್ತ್ರವೊಂದು ನಮ್ಮ ಕಣ್ಣಮುಂದೆಯೇ ಹುಟ್ಟಿ ಬೆಳೆದ ನಿದರ್ಶನವು ಬೇರೊಂದು ಕಡೆ ಉಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗೃಹಸ್ಥರು ಮನೆಯಲ್ಲಿ ತಯಾರಿಸುವ ಬಿಯರಿನ ಪರೀಕ್ಷಾಕ್ರಮವೇ ಅದು. ಈ ಲೇಖಕನು ಆ ಪಾನದ ರುಚಿಯನ್ನು ಬಲ್ಲವನಲ್ಲ. ಅದರ ಲಕ್ಷಣಗ್ರಂಥವನ್ನು ಕುತೂಹಲದಿಂದ ಓದಿದವನು ಮಾತ್ರ.

೨

ಮನೆಯಲ್ಲಿ ಸುರೆ ಮಾಡುವುದನ್ನು ಪ್ರಭುತ್ವಗಳು ಎಂದೂ ಉಪೇಕ್ಷಿಸಿದವಲ್ಲ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ವ್ಯವಹಾರವೆಲ್ಲವೂ ಸುರಾಧ್ಯಕ್ಷನ ಅಧೀನ. ಆದರೂ ಗೃಹಸ್ಥರು ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಅಲ್ಲಿ ವಿಧಿಯಿದೆ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿಯೂ ಇದೆ.

ಅಮೆರಿಕಾದಲ್ಲಿ ೧೯೨೦ರಿಂದ ೧೯೩೩ರ ವರೆಗೆ ಪಾನನಿಷೇಧವು ಜಾರಿಯಲ್ಲಿತ್ತು. ಅದು ರದ್ದಾದ ಮೇಲೆ ಮನೆಯಲ್ಲಿ ದ್ರಾಕ್ಷಾಮದ್ಯವನ್ನು ಮಾಡಿಕೊಳ್ಳಲು ಕಾನೂನು ಎಡೆಗೊಟ್ಟಿತು. ಬಿಯರಿಗೆ ಮಾತ್ರ ಕೊಡಲಿಲ್ಲ. ೧೯೭೮ರ ಅಕ್ಟೋಬರ್ ೧೪ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿಮಾಡಿದ ಶಾಸನದಿಂದ ಈ ಕೊರತೆ ನೀಗಿತು. ಮುಂದಿನ ಫೆಬ್ರವರಿ ೧ರಿಂದ, ಒಬ್ಬ ವಯಸ್ಕನಿರುವ ಮನೆಯು ವರ್ಷಕ್ಕೆ ೧೦೦ ಗ್ಯಾಲನ್ನುಗಳನ್ನೂ, ಹೆಚ್ಚು ಮಂದಿಯಿರುವ ಮನೆಯು ೨೦೦ ಗ್ಯಾಲನ್ನುಗಳನ್ನೂ ತೆರಿಗೆಯಿಲ್ಲದೆ ಮಾಡಬಹುದಾಯಿತು. ಅಲಬಾಮಾ, ಮಿಸಿಸಿಪಿ ಸಂಸ್ಥಾನಗಳು ೨೦೧೩ರಲ್ಲಿ ಒಪ್ಪಿದ ಮೇಲೆ ಇದು ದೇಶವ್ಯಾಪಿಯಾಯಿತು. ಮಾರಾಟಕ್ಕೆ ಮಾತ್ರ ಅವಕಾಶವಿರಲಿಲ್ಲ. ಮಾರದ ವಸ್ತುವಿಗೆ ಪೇಟೆಯಲ್ಲಿ ಬೆಲೆಯಿಲ್ಲ; ಆದುದರಿಂದ ಬಲ್ಲವರ ಮೆಚ್ಚುಗೆಯೊಂದೇ ಅದರ ಬೆಲೆಯಾಯಿತು. ಪರೀಕ್ಷಾಶಾಸ್ತ್ರದ ಬೀಜವು ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ.

೩

ಇಂಗ್ಲಿಷ್ ಪತ್ರಕರ್ತನಾದ ಮೈಕೇಲ್ ಜಾಕ್ಸನ್ ೧೯೭೭ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಎಂಬ ಗ್ರಂಥದಲ್ಲಿ ನಾನಾ ದೇಶಗಳ ಬಿಯರುಗಳನ್ನು ರೀತಿಭೇದದಿಂದ ವಿಂಗಡಿಸಿದನು. ಮರುವರ್ಷ ಕೊಲರಾಡೊ ಸಂಸ್ಥಾನದ ಬೋಲ್ಡರ್ ನಗರದಲ್ಲಿ ಚಾರ್ಲಿ ಪಪೇಜಿಯನ್ ಮೊದಲಾದವರು ಗೃಹಸ್ಥ ತಯಾರಕರ ಸಂಘವನ್ನು ಕಟ್ಟಿದರು. ೧೯೭೯ರಿಂದ ಸ್ಪರ್ಧೆಗಳು ನಡೆದುವು. ೧೯೮೫ರಲ್ಲಿ ಪರೀಕ್ಷಕರಿಗೇ ಪರೀಕ್ಷೆಯಿಟ್ಟು ಪ್ರಮಾಣಪತ್ರ ಕೊಡುವ ವ್ಯವಸ್ಥೆಯು ಏರ್ಪಟ್ಟಿತು.

ಇವರ ಕ್ರಮದಲ್ಲಿ ಅಂಕಗಳು ಒಟ್ಟು ೫೦. ಗಂಧಕ್ಕೆ ೧೨, ರೂಪಕ್ಕೆ ೩, ರಸಕ್ಕೆ ೨೦, ಬಾಯಿಯಲ್ಲಿಯ ಸ್ಪರ್ಶಕ್ಕೆ ೫, ಸಮಗ್ರಕ್ಕೆ ೧೦. ಮಾಡಿದವನ ಹೆಸರನ್ನು ಪರೀಕ್ಷಕನಿಗೆ ತಿಳಿಸುವುದಿಲ್ಲ. ಅಂಕ ಕೊಟ್ಟರೆ ಸಾಲದು. ಮೂಗಿಗೂ ನಾಲಗೆಗೂ ತೋರಿದುದನ್ನು ಮಾತುಗಳಲ್ಲಿ ಬರೆದು ತಯಾರಕನಿಗೆ ಕಳುಹಿಸಬೇಕು.

ದೋಷಪ್ರಕರಣವು ನಮ್ಮವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಪ್ರತಿಯೊಂದು ದೋಷಕ್ಕೂ ಕಾರಣವನ್ನು ಹೇಳಿದ್ದಾರೆ. ಹುದುಗು ಮುಗಿಯುವ ಮುನ್ನವೇ ಯೀಸ್ಟೆಂಬ ಕಿಣ್ವವನ್ನು ಬೇರ್ಪಡಿಸಿದರೆ ಬೆಣ್ಣೆಯ ವಾಸನೆಯುಳಿಯುವುದು. ಸೀಸೆಗೆ ಬಿಸಿಲು ತಾಗಿದರೆ ದುರ್ಗಂಧವೇಳುವುದು. ಆದರೆ ಎಲ್ಲ ದೋಷಗಳೂ ಎಲ್ಲೆಡೆಯೂ ದೋಷಗಳಲ್ಲ. ತಂಪಿನಲ್ಲಿ ಹುದುಗಿಸುವ ಲಾಗರಿನಲ್ಲಿ ನಿಂದ್ಯವಾದ ಬೆಣ್ಣೆಯ ವಾಸನೆಯು ಕೆಲವು ಇಂಗ್ಲಿಷ್ ಏಲುಗಳಲ್ಲಿ ಅಲ್ಪಪ್ರಮಾಣದಲ್ಲಿ ಸಹ್ಯ. ಹುಳಿಯು ಬಹುಭಾಗ ಬಿಯರುಗಳಿಗೆ ಕೇಡು, ಬೆಲ್ಜಿಯಮ್ಮಿನ ಲಾಂಬಿಕಿಗೆ ಜೀವ. ಶ್ರುತಿದುಷ್ಟಾದಿಗಳು ಶೃಂಗಾರದಲ್ಲಿ ತ್ಯಾಜ್ಯವಾದರೂ ಸರ್ವತ್ರ ತ್ಯಾಜ್ಯವಲ್ಲವೆಂದು ಅನಿತ್ಯದೋಷವನ್ನು ನಿರೂಪಿಸಿದ ಆನಂದವರ್ಧನನನ್ನು ಓದದೆಯೇ ಇವರು ಅದೇ ನಿರ್ಣಯಕ್ಕೆ ಬಂದಿರುವರು.

೪

ಲಕ್ಷ್ಯವು ಲಕ್ಷಣವನ್ನು ತಿದ್ದಿದ ಸ್ಪಷ್ಟ ನಿದರ್ಶನವೊಂದನ್ನು ಈಗ ನೋಡಬಹುದು. ಬ್ರಿಟನ್ನಿನಿಂದ ಇಂಡಿಯಾದಲ್ಲಿದ್ದ ಯೂರೋಪಿಯನ್ನರಿಗೆ ಕಳುಹಿಸುತ್ತಿದ್ದ, ಹಾಪ್ ಹೂವಿನ ಕಹಿ ಹೆಚ್ಚಾದ ಬಿಯರಿಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಿಂತಿತು. ಅಮೆರಿಕನ್ನರು ತಮ್ಮ ಹಾಪುಗಳಿಂದ ಮಾಡಿದ ಅದೇ ಜಾತಿಯ ಬಿಯರಿಗೆ ತಿಳಿಯಾಗಿರುವುದೇ ಲಕ್ಷಣ. ಆದರೆ ವರ್ಮಾಂಟ್ ಸಂಸ್ಥಾನದ ಕಡೆಯಿಂದ ಬಗ್ಗಡವಾಗಿಯೂ ಹಣ್ಣಿನ ಪರಿಮಳದಿಂದಲೂ ಕೂಡಿದ ಒಂದು ಬಗೆಯು ಹಬ್ಬಿತು. ೨೦೧೫ರ ಲಕ್ಷಣಗ್ರಂಥದಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಗ್ರಂಥವನ್ನೇ ಹಿಡಿದು ನೋಡಿದರೆ ಅದು ಕೆಟ್ಟ ಬಿಯರು. ಜನರು ಅದನ್ನೇ ಅರಸಿ ಕುಡಿದರು, ಗೃಹಸ್ಥರು ಅದನ್ನೇ ಮಾಡಿದರು. ೨೦೧೮ರಲ್ಲಿ ತಾತ್ಕಾಲಿಕವಾಗಿಯೂ ೨೦೨೧ರ ಪರಿಷ್ಕರಣದಲ್ಲಿ ಪೂರ್ಣವಾಗಿಯೂ ಅದಕ್ಕೆ ಪ್ರತ್ಯೇಕ ಲಕ್ಷಣವು ಬರೆಯಲ್ಪಟ್ಟಿತು. ಬಗ್ಗಡವೆಂಬ ದೋಷವು ಗುಣವಾಯಿತು.

೫

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ಲಕ್ಷಣವು ಹೀಗೆ ಬದಲಾಗುವುದಾದರೆ ನಿರ್ಣಯಕ್ಕೆ ಆಧಾರವೇನು? ಅವರವರ ನಾಲಗೆಯೇ ಪ್ರಮಾಣವಲ್ಲವೆ? ಅಲ್ಲವೆಂದೇ ಸಿದ್ಧಾಂತ. ಲಾಗರಿನ ಬೆಣ್ಣೆಯ ವಾಸನೆಯು ಇಂದಿಗೂ ದೋಷವೇ. ಪರಸ್ಪರ ಗುರುತಿಲ್ಲದ ಇಬ್ಬರು ಪರೀಕ್ಷಕರು ಒಂದೇ ಬಟ್ಟಲಿನ ವಿಷಯವಾಗಿ ಮಾತಾಡಿಕೊಳ್ಳಬೇಕಾದರೆ ಪರಿಭಾಷೆ ಬೇಕು. ಲಕ್ಷಣವು ಆ ಪರಿಭಾಷೆ. ತಮ್ಮ ಗ್ರಂಥವು ಮಾರ್ಗದರ್ಶಕವೇ ಹೊರತು ಕಟ್ಟಳೆಯಲ್ಲವೆಂದು ಅದನ್ನು ರಚಿಸಿದವರೇ ಪೀಠಿಕೆಯಲ್ಲಿ ತಿಳಿಸಿರುವರು.

ನಮ್ಮ ವಿದ್ಯಾರ್ಥಿಗಳ ಪದ್ಯಗಳನ್ನು ತಿದ್ದುವ ನಾವು ಇದರಿಂದ ಕಲಿಯತಕ್ಕ ಅಂಶವೊಂದುಂಟು. ಕರ್ತೃವಿನ ಹೆಸರನ್ನು ಮರೆತು, ಕಂಡುದನ್ನು ಮೊದಲು ಬರೆದು, ದೋಷವಿದ್ದರೆ ಅದರ ಕಾರಣವನ್ನು ತಿಳಿಸಿ, ಇದು ಯಾವ ಜಾತಿಗೆ ಸೇರಿತೆಂಬುದನ್ನು ಕಡೆಗೆ ಹೇಳುವುದು. ಈ ಕ್ರಮವನ್ನು ತಿರುಗುಮುರುಗು ಮಾಡಿ, ನಾನೇ ಎಷ್ಟೋ ಪದ್ಯಗಳನ್ನು ಹೆಸರಿಲ್ಲದ ಜಾತಿಯವೆಂಬ ಒಂದೇ ಕಾರಣಕ್ಕೆ ತಳ್ಳಿರುವೆನು. ಅವುಗಳಲ್ಲಿ ಎಷ್ಟರ ಬಗ್ಗಡವು ಗುಣವಾಗಿತ್ತೋ ಈಗ ಹೇಳಲಾರೆನು.