ಖರ್ಚಿನ ಹೊರೆ ಯಾರ ಹೆಗಲಿಗೆ? ಕಲಬುರಗಿ ಸೀಮೆಯಲ್ಲಿ ಅಗ್ಗದ ತಂತ್ರಜ್ಞಾನ ಮತ್ತು ಶಾಲೆಯಾಚೆಯ ಕಲಿಕೆ

ಕರ್ನಾಟಕದ ಶಿಕ್ಷಣದ ಚರಿತ್ರೆಯಲ್ಲಿ ಕಲಬುರಗಿಯ ಹೆಸರು ಬಹುಮಟ್ಟಿಗೆ ಹಿಂದುಳಿದಿರುವಿಕೆಯ ಅಂಕಿಅಂಶಗಳ ಜೊತೆಯಲ್ಲೇ ಬರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದಾಗ ಈ ಜಿಲ್ಲೆ ಶೇ. 65ರ ಆಸುಪಾಸಿನಲ್ಲಿ ನಿಂತಿತ್ತು. ಇದೇ ಜಿಲ್ಲೆಯ ಹಳ್ಳಿಗಳಲ್ಲಿ 1975ರಲ್ಲೇ ಮಕ್ಕಳು ಟಿ.ವಿ.ಯಲ್ಲಿ ಕನ್ನಡದ ಪಾಠ ನೋಡಿದ್ದರೆಂಬ ಸಂಗತಿಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ರಾಜಧಾನಿ ಬೆಂಗಳೂರಿಗೇ ದೂರದರ್ಶನ ಬಂದದ್ದು ಆಮೇಲೆ, 1981ರಲ್ಲಿ.

ಅಗ್ಗದ ಸಾಧನ ಕೊಟ್ಟರೆ ಕಲಿಕೆ ಶಾಲೆಯ ಗೋಡೆ ದಾಟುತ್ತದೆ ಎಂಬ ನಂಬಿಕೆಯನ್ನು ಈ ಸೀಮೆಯ ಐದು ದಶಕಗಳ ಅನುಭವದ ಮುಂದಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಸಾಧನದ ಬೆಲೆ ಎಷ್ಟು ಎಂಬುದಕ್ಕಿಂತ ಆ ಖರ್ಚಿನ ಯಾವ ಪಾಲನ್ನು ಯಾರು ಹೊರುತ್ತಾರೆ ಎಂಬುದೇ ಫಲವನ್ನು ನಿರ್ಧರಿಸುತ್ತ ಬಂದಿದೆ ಎಂಬುದು ಇಲ್ಲಿಯ ವಾದ.

ಹಿನ್ನೆಲೆ

1956ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದಲ್ಲಿ ಉನ್ನತ ಶಿಕ್ಷಣದ ಬಾಗಿಲು ತೆರೆಯುತ್ತಿದ್ದದ್ದು ಉರ್ದುವಿನ ಮೂಲಕ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ. 1907ರಷ್ಟು ಹಿಂದೆಯೇ ನಗರದಲ್ಲಿ ನೂತನ ವಿದ್ಯಾಲಯದಂಥ ಸಂಸ್ಥೆ ಹುಟ್ಟಿದ್ದರೂ ಹಳ್ಳಿಗಳ ತನಕ ಶಾಲೆ ತಲುಪಲು ದಶಕಗಳೇ ಹಿಡಿದವು. 1966ರಲ್ಲಿ ಆಕಾಶವಾಣಿ ಕೇಂದ್ರ ಬಂತು. ವಿಶ್ವವಿದ್ಯಾಲಯಕ್ಕೆ 1980ರವರೆಗೆ ಕಾಯಬೇಕಾಯಿತು. ಹೀಗೆ ಇಲ್ಲಿ ಶಾಲೆಯ ಕೊರತೆಯನ್ನು ತುಂಬುವ ಕೆಲಸವನ್ನು ಪ್ರಸಾರ ಮಾಧ್ಯಮ ಬೇಗನೆ ಹೊತ್ತುಕೊಂಡಿತು.

ಒಂದು ವರ್ಷದ ಉಪಗ್ರಹ ಪಾಠ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು 'ಸೈಟ್' ಎಂಬ ಹೆಸರಿನಿಂದ ಗುರುತಿಸುತ್ತಾರೆ. ಇಸ್ರೋ ಮತ್ತು ನಾಸಾ ನಡುವಿನ ಈ ಯೋಜನೆಯ ಹಿಂದೆ ವಿಕ್ರಮ್ ಸಾರಾಭಾಯಿಯವರ ಕನಸಿತ್ತು. ಅವರು 1971ರಲ್ಲಿ ತೀರಿಕೊಂಡ ಮೇಲೆ ಯಶ್ ಪಾಲ್, ಏಕನಾಥ್ ಚಿಟ್ನಿಸ್ ಮೊದಲಾದವರು ಅದನ್ನು ಕಾರ್ಯಗತಗೊಳಿಸಿದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದಿಂದ ಸೇರಿದ್ದು ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು.

ಈ ಪ್ರಯೋಗದ ತಾಂತ್ರಿಕ ವಿನ್ಯಾಸವನ್ನು ವಿವರವಾಗಿ ನೋಡಬೇಕು. ಪ್ರಯೋಗಕ್ಕೆ ಬಳಸಿದ ನಾಸಾದ ಎ.ಟಿ.ಎಸ್-6 ಉಪಗ್ರಹಕ್ಕೆ ಸುಮಾರು 9 ಮೀಟರ್ ಅಗಲದ, ಆಕಾಶದಲ್ಲಿ ಬಿಚ್ಚಿಕೊಳ್ಳುವ ಆಂಟೆನಾ ಇತ್ತು. ಪ್ರಬಲ ಸಂಕೇತ ಮೇಲಿನಿಂದಲೇ ಬರುತ್ತಿದ್ದುದರಿಂದ ಹಳ್ಳಿಯಲ್ಲಿ ತಂತಿ ಬಲೆಯಿಂದ ಕಟ್ಟಿದ 3 ಮೀಟರ್‌ನ ಸರಳ ಆಂಟೆನಾ, ಒಂದು ಪರಿವರ್ತಕ ಮತ್ತು ಒಂದು ಟಿ.ವಿ. ಸೆಟ್ ಸಾಕಾಗುತ್ತಿದ್ದವು. ದುಬಾರಿ ಭಾಗವೆಲ್ಲ ಆಕಾಶದಲ್ಲಿ, ಅಗ್ಗದ ಭಾಗ ಊರಿನಲ್ಲಿ. ಆ ಸೆಟ್ಟೂ ಯಾರೊಬ್ಬರ ಮನೆಯದಾಗಿರದೆ ಇಡೀ ಊರಿಗೆ ಸೇರಿದ್ದಾಗಿತ್ತು. ನೋಡುವವರು ಒಂದು ಪೈಸೆಯನ್ನೂ ಕೊಡಬೇಕಿರಲಿಲ್ಲ.

ಬೆಳಗಿನ ಒಂದೂವರೆ ಗಂಟೆಯ ಶಾಲಾ ಪ್ರಸಾರವನ್ನು ಹಿಂದಿ, ಒರಿಯಾ, ತೆಲುಗು, ಕನ್ನಡಗಳಿಗೆ ಹಂಚಿದಾಗ ಒಂದೊಂದು ಭಾಷೆಗೆ 22.5 ನಿಮಿಷ ಸಿಗುತ್ತಿತ್ತು. ಸಂಜೆಯ ಹೊತ್ತು ದೊಡ್ಡವರಿಗಾಗಿ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮಗಳಿದ್ದವು. ಮೌಲ್ಯಮಾಪನಗಳ ಪ್ರಕಾರ ಮಕ್ಕಳ ಶಾಲಾ ಸಾಧನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಭಾಷೆಯ ಬೆಳವಣಿಗೆಯಲ್ಲಿ, ಹೊಸದನ್ನು ತಿಳಿಯುವ ಆಸಕ್ತಿಯಲ್ಲಿ ಪ್ರಗತಿ ಕಂಡಿತು. ಇದೇ ಅವಧಿಯಲ್ಲಿ ದೇಶದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ಟಿ.ವಿ.ಯ ಜೊತೆ ರೇಡಿಯೊ, ಕೈಪಿಡಿ, ಚಟುವಟಿಕೆ ಮತ್ತು ಚರ್ಚೆಯನ್ನು ಹೆಣೆದ ಆ ತರಬೇತಿ ಸೈಟ್‌ನ ಗಟ್ಟಿ ಫಲಗಳಲ್ಲೊಂದು. ಪರದೆ ಒಂದೇ ಕಲಿಸಲಾರದು, ಅದರ ಪಕ್ಕದಲ್ಲಿ ಬಲ್ಲ ಮೇಷ್ಟ್ರು ನಿಂತಿರಬೇಕೆಂಬ ತಿಳಿವು ಅಂದೇ ದೊರಕಿತ್ತು.

ಕರಾರಿನ ಅವಧಿ ಮುಗಿದೊಡನೆ ಉಪಗ್ರಹವನ್ನು ಅಮೆರಿಕದ ಬಳಕೆಗೆ ಮರಳಿ ಸರಿಸಲಾಯಿತು. ಪ್ರಯೋಗ ಪೂರ್ತಿ ಬತ್ತಿಹೋಗದಿರಲೆಂದು 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ತೆರೆಯಿತು. ರಾಜ್ಯದ ಮೊದಲ ದೂರದರ್ಶನ ಕೇಂದ್ರವೆಂಬ ಹೆಮ್ಮೆ ನಗರಕ್ಕೆ ದಕ್ಕಿತು. ಆದರೆ ಉಪಗ್ರಹಕ್ಕೆ ಮೂರೂ ಜಿಲ್ಲೆಗಳ ಹಳ್ಳಿಗಳು ಒಂದೇ ಆಗಿದ್ದವು. ಗೋಪುರದ ಪ್ರಸಾರ ದೂರ ಹೋದಂತೆ ಕ್ಷೀಣಿಸುತ್ತದೆ. ನಗರದ ಹತ್ತಿರದವರಿಗೂ ದೂರದವರಿಗೂ ನಡುವಿನ ಅಂತರ ಮತ್ತೆ ಮೂಡಿತು.

ರೇಡಿಯೊದಿಂದ ಮೊಬೈಲಿಗೆ

2000ದ ದಶಕದಲ್ಲಿ ಆಕಾಶವಾಣಿಯ ಮೂಲಕ ಬಂದ 'ಚಿನ್ನರ ಚುಕ್ಕಿ'ಯಂಥ ಕಾರ್ಯಕ್ರಮಗಳು ಅಗ್ಗದ ಸಾಧನವನ್ನು ಜಾಣತನದಿಂದ ಬಳಸಿದವು. ರೇಡಿಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಮಕ್ಕಳು ಉತ್ತರಿಸುತ್ತಾರೆ, ಶಿಕ್ಷಕರು ಚಟುವಟಿಕೆ ಮಾಡಿಸುತ್ತಾರೆ. ಇಲ್ಲಿ ಸಾಧನ ಶಾಲೆಯದು, ಖರ್ಚು ಇಲ್ಲಿಯೂ ಮನೆಯವರದಲ್ಲ.

2020ರಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಜುಲೈನಲ್ಲಿ ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠಗಳು, ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಕಲಿಸುವ 'ವಿದ್ಯಾಗಮ' ಯೋಜನೆ ಆರಂಭವಾದವು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿದ್ಯಾಗಮ ವಿಂಗಡಿಸಿಕೊಂಡಿತು. ಕಲಿಕೆಯ ದಾರಿಯನ್ನು ಅಪ್ಪ-ಅವ್ವಂದಿರ ಜೇಬು ಗೊತ್ತುಮಾಡುವ ಸ್ಥಿತಿಯನ್ನು ಸರ್ಕಾರದ ಯೋಜನೆಯೇ ಹೀಗೆ ದಾಖಲಿಸಿದೆ.

ಕಮಲಾಪುರದಂಥ ಕಡೆ ಇದರ ಪೆಟ್ಟು ಏನೆಂದು ಊಹಿಸುವುದು ಕಷ್ಟವಲ್ಲ. ನಗರದಿಂದ ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ತಾಲ್ಲೂಕು ಕೇಂದ್ರವಾದದ್ದು ಇತ್ತೀಚೆಗಷ್ಟೇ. ಸುತ್ತಲಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಕೂಲಿ ಹುಡುಕಿಕೊಂಡು ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು ಈ ಸೀಮೆಯಲ್ಲಿ ಹೊಸತಲ್ಲ. ಮನೆಗೊಂದೇ ಫೋನ್ ಇದ್ದು ಅದು ದುಡಿಯಲು ಹೋದ ತಂದೆಯ ಜೊತೆ ಹೊರಟರೆ ಮಗುವಿನ ಶಾಲೆಯೂ ಹೊರಟಂತೆ. ಪ್ರತಿ ತಿಂಗಳು ಕರೆನ್ಸಿ ಹಾಕಿಸಬೇಕಾದ ಸಾಧನವನ್ನು ಅಗ್ಗವೆನ್ನಲಾಗದು. ವಿದ್ಯಾಗಮ ಉಳಿದದ್ದು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಕಲಿಸಿದ ಶಿಕ್ಷಕರಿಂದ. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಸಮಾರೋಪ

ಊರಿನ ಸಾಧನದಿಂದ ಮನೆಯ ಸಾಧನಕ್ಕೆ ಸರಿದ ಈ ಚರಿತ್ರೆಯಲ್ಲಿ ಯಂತ್ರದ ಬೆಲೆ ಇಳಿಯುತ್ತಲೇ ಬಂದಿದೆ, ಬಡ ಕುಟುಂಬದ ಪಾಲಿನ ಖರ್ಚು ಏರುತ್ತಲೇ ಬಂದಿದೆ. ಇದನ್ನು ತಿರುಗಿಸುವ ದಾರಿ ನಮ್ಮಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. 'ಅರಿವು ಕೇಂದ್ರ'ಗಳಾಗಿ ಬೆಳೆಯುತ್ತಿರುವ ಈ ಗ್ರಂಥಾಲಯಗಳು 1975ರ ಊರ ಟಿ.ವಿ.ಯ ನಿಜವಾದ ವಾರಸುದಾರರು. ಅಲ್ಲಿಗೆ ಬರುವ ಪ್ರತಿ ಕಂಪ್ಯೂಟರಿನ ಬಗ್ಗೆಯೂ ಮೂರು ಪ್ರಶ್ನೆ ಕೇಳಲೇಬೇಕು: ಕೆಟ್ಟರೆ ರಿಪೇರಿ ಯಾರದು, ಕರೆಂಟು-ಇಂಟರ್‌ನೆಟ್ಟಿನ ಬಿಲ್ಲು ಯಾರದು, ಮಗುವಿನ ಪಕ್ಕ ಕೂತು ಕಲಿಸುವವರು ಯಾರು? ಈ ಮೂರಕ್ಕೂ ಪಂಚಾಯಿತಿಯ ಆಯವ್ಯಯದಲ್ಲಿ ಪ್ರತಿ ವರ್ಷ ಹಣ ಮೀಸಲಾದರೆ ಮಾತ್ರ ಕಮಲಾಪುರದ ಮಗುವಿಗೂ ಕಲಬುರಗಿಯ ಮಗುವಿಗೂ ಒಂದೇ ಪಾಠ ಒಂದೇ ಬೆಲೆಗೆ, ಅಂದರೆ ಉಚಿತವಾಗಿ, ಸಿಗುತ್ತದೆ.