ವಿಮಾನಕ್ಕೆ ಆಸರೆ, ಕಾರಿಗೆ ನಿರಾಕರಣೆ

ಖಾಸಗಿ ಉದ್ಯಮಿಗಳಿಗೆ ಸರ್ಕಾರ ಜಮೀನು, ವಿದ್ಯುತ್ ರಿಯಾಯಿತಿ ಕೊಟ್ಟಾಗಲೆಲ್ಲ ತಕರಾರು ಏಳುತ್ತದೆ. ಜನರ ಹಣದಲ್ಲಿ ಸಾಹುಕಾರರ ಗಂಟು ಬೆಳೆಸುವುದೇಕೆ ಎಂಬ ಈ ಪ್ರಶ್ನೆ ಹೊಸದೇನಲ್ಲ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಹುಟ್ಟಿನಲ್ಲೇ ಅದು ಇದೆ. ಸರ್ಕಾರಿ ಸಂಸ್ಥೆಯೆಂದೇ ನಾವೆಲ್ಲ ಬಲ್ಲ ಈ ಕಾರ್ಖಾನೆ ಶುರುವಾದದ್ದು ಖಾಸಗಿ ಉದ್ಯಮಿಯೊಬ್ಬರ ಸಾಹಸವಾಗಿ!

ಆ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಕಟ್ಟಡ ಗುತ್ತಿಗೆ, ಸಕ್ಕರೆ, ಹಡಗು ಎಲ್ಲದರಲ್ಲೂ ಕೈಯಾಡಿಸಿದ್ದ ಅವರಿಗೆ ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನ ಕಟ್ಟುವ ಹುಮ್ಮಸ್ಸು ಹತ್ತಿತು. ಅಷ್ಟು ದೊಡ್ಡ ಕೆಲಸಕ್ಕೆ ಒಬ್ಬರ ಬಂಡವಾಳ ಸಾಲದು. ಕೈಹಿಡಿದದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪನೆಯಾಯಿತು. ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ. ಸಂಸ್ಥಾನ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿಯನ್ನೂ ಹೂಡಿತು.

ಇಲ್ಲಿ ಗಮನಿಸಬೇಕಾದ ಸಂಗತಿ, ಆ ಹಣ ದಾನವಾಗಿರಲಿಲ್ಲ, ಷೇರು. ಲಾಭ ಬಂದರೆ ಪಾಲು, ನಷ್ಟವಾದರೂ ಪಾಲು. ಇಂದಿನ ರಿಯಾಯಿತಿಗಳ ಚರ್ಚೆಯಲ್ಲಿ ಈ ವ್ಯತ್ಯಾಸ ಯಾಕೋ ಮರೆತೇಹೋಗುತ್ತದೆ.

ಆದರೆ ವಿಮಾನವೆಂದರೆ ಸಂತೆಯಲ್ಲಿ ಮಾರುವ ಸರಕಲ್ಲ. ಅದರಲ್ಲೂ ಯುದ್ಧಕಾಲದಲ್ಲಿ ಕೊಳ್ಳುವ ಗಿರಾಕಿ ಸರ್ಕಾರವೊಂದೇ. 1941ರ ಮಾರ್ಚಿಯಲ್ಲಿ ಭಾರತ ಸರ್ಕಾರವೂ ಮೂರನೇ ಒಂದು ಪಾಲಿನ ಷೇರುದಾರನಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. ಜಪಾನ್ ಯುದ್ಧಕ್ಕಿಳಿದ ಮೇಲೆ, 1942ರಲ್ಲಿ, ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡು ಆಡಳಿತವನ್ನೇ ವಶಕ್ಕೆ ತೆಗೆದುಕೊಂಡಿತು. ಮೈಸೂರು ಆಡಳಿತ ಬಿಟ್ಟುಕೊಟ್ಟರೂ ತನ್ನ ಷೇರು ಮಾರಲೊಪ್ಪಲಿಲ್ಲ. ಕನಸು ಕಂಡವರು ಎರಡೇ ವರ್ಷದಲ್ಲಿ ಹೊರಗೆ; ಕಾರ್ಖಾನೆ ಮಾತ್ರ ಉಳಿಯಿತು. ಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ ಅಲ್ಲಿ ರೈಲು ಬೋಗಿಗಳೂ ತಯಾರಾದವು. ಖಾಸಗಿ ಕಂಪೆನಿಯೇ ಆಗಿದ್ದರೆ ಆ ಬಡಕಾಲವನ್ನು ದಾಟುತ್ತಿತ್ತೇ ಎಂಬ ಅನುಮಾನ ನನಗಿದೆ.

ಇದೇ ವಾಲ್‌ಚಂದ್ ಕಾರು ಕಾರ್ಖಾನೆಗೂ ಹೊರಟಿದ್ದರು. ಆ ಯೋಜನೆಯ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಇದಕ್ಕಾಗಿಯೇ 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದಿದ್ದ ಅವರಿಗೆ ದೆಹಲಿಯ ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಯುದ್ಧ ಬಂದ ಮೇಲಂತೂ ಕಾರು ಯುದ್ಧಕ್ಕೆ ಬೇಕಾದ ವಸ್ತುವಲ್ಲ ಎಂಬ ನೆಪ ಸಿಕ್ಕಿತು. ಇತ್ತ ಜನರಲ್ ಮೋಟರ್ಸ್ 1928ರಿಂದಲೇ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸುತ್ತಿತ್ತು. ದೆಹಲಿಯ ಮೌನವನ್ನು ತಟಸ್ಥ ನೀತಿಯೆಂದು ಕರೆಯಲಾಗದು; ಅದರಿಂದ ಅನುಕೂಲವಾದದ್ದು ವಿದೇಶಿ ಕಂಪೆನಿಗಳಿಗೆ.

ಕೊನೆಗೆ ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ಗಾಳಿ ತಿರುಗಿತು. ಕೇವಲ ಜೋಡಿಸಿ ಮಾರುತ್ತಿದ್ದ ವಿದೇಶಿ ಕಂಪೆನಿಗಳು 1950ರ ದಶಕದಲ್ಲಿ ಜಾಗ ಖಾಲಿ ಮಾಡಿದವು. ಆಮದು, ಲೈಸೆನ್ಸ್ ನಿರ್ಬಂಧಗಳ ಬೇಲಿಯೊಳಗೆ ಎರಡು ಮೂರು ದೇಶಿ ಕಂಪೆನಿಗಳದೇ ರಾಜ್ಯ. ಹಿಂದೆ ಇಲ್ಲದಿದ್ದ ಆಸರೆ ಈಗ ಅತಿಯಾಯಿತು. 1960ರ ದಶಕದಲ್ಲಿ ಬಂದ ಫಿಯೆಟ್ 1100 ಮಾದರಿಯೇ ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿಯಾಗಿ ದಶಕಗಳ ಕಾಲ ಓಡಿತು. ಮುಂಗಡ ಕಟ್ಟಿದ ಗಿರಾಕಿ ತನ್ನ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ.